ಮಿಕ್ಕಿಯ ಕೋಟೆಯಿಂದ ಕಪ್ಪೆಚಿಪ್ಪಿನ ಕೋಟೆಗೆ

ನಮ್ಮ ಕೂಟದಲ್ಲಿ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದು ಫೋಟೋ ಇದ್ದೇ ಇರುತ್ತದೆ. ಹಿಂದೆ ನೀಲಿ ಗೋಪುರಗಳ ಅರಮನೆ, ಮುಂದೆ ಇಲಿ ಕಿವಿಯ ಟೋಪಿ ಹಾಕಿಕೊಂಡ ಮಕ್ಕಳು, ಪಕ್ಕದಲ್ಲಿ ಸೀರೆಯ ಮೇಲೆ ಸ್ವೆಟರ್ ತೊಟ್ಟ ಅಜ್ಜಿ. ಊರಿನಿಂದ ತಂದೆತಾಯಿ ಬಂದರೆಂದರೆ ನಯಾಗರಾ ಒಂದು, ಒರ್ಲ್ಯಾಂಡೊ ಇನ್ನೊಂದು. ಇವೆರಡನ್ನೂ ತೋರಿಸದೆ ವಿಮಾನ ಹತ್ತಿಸಿದರೆ ನಮಗೇ ಸಮಾಧಾನವಿಲ್ಲ. ಹಾಗೆಯೇ ಕಳೆದ ಡಿಸೆಂಬರ್ ರಜೆಯಲ್ಲಿ ನಾವು ಎರಡು ಸಂಸಾರದವರು ಒಂದು ದೊಡ್ಡ ವ್ಯಾನು ಬಾಡಿಗೆಗೆ ಹಿಡಿದು, ಹಾಸನದಿಂದ ಬಂದಿದ್ದ ಮಾವನವರನ್ನೂ ಕರೆದುಕೊಂಡು ಡಿಸ್ನಿ ವರ್ಲ್ಡಿಗೆ ಹೋದೆವು.

ಮಾವನವರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವರು. ಎರಡು ದಿನ ನಮ್ಮೊಡನೆ ಸಾಲಿನಲ್ಲಿ ನಿಂತರು, ಮಕ್ಕಳ ಜೊತೆ ದೋಣಿಯಲ್ಲೂ ಕೂತರು, ಒಂದು ಮಾತು ಗೊಣಗಲಿಲ್ಲ. ಎರಡನೆಯ ದಿನ ಸಂಜೆ ಅರಮನೆಯ ಕಡೆ ನೋಡುತ್ತ, "ಇದು ಯಾರ ಕಾಲದ್ದು?" ಎಂದು ಕೇಳಿದರು. ಮೊಮ್ಮಗ ನಕ್ಕ. "ತಾತ, ಇದು 1971ರದ್ದು. ಒಂದು ಇಟ್ಟಿಗೆಯೂ ಇಲ್ಲ. ಉಕ್ಕು, ಕಾಂಕ್ರೀಟು, ಫೈಬರ್‌ಗ್ಲಾಸು ಅಷ್ಟೇ."

"ಇರಲಿ ಮಗು, ಚೆನ್ನಾಗಿಯೇ ಇದೆ. ಇದಕ್ಕೆ ಮುಂಚೆ ಇಲ್ಲಿ ಏನಿತ್ತು?"

ಯಾರ ಬಳಿಯೂ ಉತ್ತರವಿರಲಿಲ್ಲ. "ಕೆಸರು, ಮೊಸಳೆ" ಎಂದರು ನಮ್ಮಲ್ಲೊಬ್ಬರು. ಆ ಊರಿಗೆ ನಾವು ಬಂದಿದ್ದು ಅದು ಐದನೆಯ ಸಲ! ಅಂದು ರಾತ್ರಿ ಮೋಟೆಲಿನ ಮಂಚದ ಮೇಲೆ ನಕ್ಷೆ ಹರಡಿಕೊಂಡು ಕೂತೆವು. ಉಳಿದ ಮೂರು ದಿನಕ್ಕೆ ಇನ್ನೂ ಟಿಕೆಟು ತೆಗೆದಿರಲಿಲ್ಲ. ಮಕ್ಕಳು ಮುಖ ಊದಿಸಿಕೊಂಡರೂ ಬೆಳಿಗ್ಗೆ ಪುಳಿಯೋಗರೆ ಕಟ್ಟಿಕೊಂಡು ಹೊರಟೆವು. ಈ ಬರಹ ಮಾವನವರ ಪ್ರಶ್ನೆಗೆ ನಾವು ಆ ಮೂರು ದಿನಗಳಲ್ಲಿ, ಆಮೇಲೆ ಲೈಬ್ರರಿಯಲ್ಲಿ, ಹುಡುಕಿಕೊಂಡ ಉತ್ತರ.

ನಮಗೆ ಗೊತ್ತಿದ್ದ ಇಸವಿ

ಮೊದಲು ಹೋದದ್ದು ಸೇಂಟ್ ಅಗಸ್ಟೀನ್‌ಗೆ. ಒರ್ಲ್ಯಾಂಡೊದಿಂದ ಈಶಾನ್ಯಕ್ಕೆ ಸುಮಾರು ಎರಡು ಗಂಟೆಯ ದಾರಿ, ಅಟ್ಲಾಂಟಿಕ್ ಕರಾವಳಿಯಲ್ಲಿದೆ. ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದ ಮುಖ್ಯ ಭೂಭಾಗದಲ್ಲಿ ಯುರೋಪಿನವರು ನೆಲೆಯೂರಿ, ಅಂದಿನಿಂದ ಖಾಲಿಯಾಗದೆ ಉಳಿದ ಊರುಗಳಲ್ಲಿ ಇದೇ ಅತ್ಯಂತ ಹಳೆಯದು. ಸ್ಪೇನಿನ ಪೆಡ್ರೊ ಮೆನೆಂಡೆಸ್ ಎಂಬ ಸೇನಾನಿ ಇಲ್ಲಿ ಇಳಿದು ಊರು ಸ್ಥಾಪಿಸಿದ್ದು 1565ರ ಸೆಪ್ಟೆಂಬರ್ 8ರಂದು.

ಇಸವಿ ಕೇಳಿದ ಕೂಡಲೇ ಮಾವನವರು ನಿಂತುಬಿಟ್ಟರು. 1565! ನಮ್ಮಲ್ಲಿ ಕನ್ನಡ ಶಾಲೆಯಲ್ಲಿ ಓದಿದವರು ಯಾರು ಈ ಇಸವಿಯನ್ನು ಬಾಯಿಪಾಠ ಮಾಡಿಲ್ಲ? ಆ ವರ್ಷದ ಜನವರಿಯಲ್ಲಿಯೇ ರಕ್ಕಸತಂಗಡಿಯ ಯುದ್ಧ ನಡೆದು, ಅಳಿಯ ರಾಮರಾಯ ಮಡಿದು, ಹಂಪೆ ಹಾಳಾಯಿತು. ಅಲ್ಲಿ ಒಂದು ಮಹಾನಗರ ಬರಿದಾದ ವರ್ಷವೇ ಇಲ್ಲಿ ಒಂದು ಸಣ್ಣ ಊರು ಹುಟ್ಟಿತು. ಎರಡಕ್ಕೂ ಸಂಬಂಧವೇನೂ ಇಲ್ಲ, ನಿಜ. ಆದರೆ "ಅಮೆರಿಕದಲ್ಲಿ ಇತಿಹಾಸ ಎಲ್ಲಿದೆ, ಎಲ್ಲ ನಿನ್ನೆ ಮೊನ್ನೆಯದು" ಎಂದು ನಾವು ಸಲೀಸಾಗಿ ಹೇಳುವ ಮಾತು ಅಲ್ಲಿಗೆ ನಿಂತುಹೋಯಿತು.

ಊರು ಹುಟ್ಟಿದ್ದು ಖಾಲಿ ನೆಲದಲ್ಲೂ ಅಲ್ಲ. ಅದು ಟಿಮುಕುವಾ ಜನರ ನಾಡು. ಸ್ಪೇನಿನವರು ಮೊದಲು ತಂಗಿದ್ದೇ ಅವರ ಒಂದು ಹಳ್ಳಿಯಲ್ಲಿ. ಹೊರಗಿನಿಂದ ಬಂದ ರೋಗಗಳು, ಯುದ್ಧಗಳು, ದುಡಿಮೆಯ ಹೊರೆ ಇವುಗಳಿಂದ ಇನ್ನೂರು ವರ್ಷಗಳಲ್ಲಿ ಆ ಜನಾಂಗ ಕರಗಿಹೋಯಿತು. ಇನ್ನೊಂದು ಕಡೆ, ಊರು ಕಟ್ಟಿದ ಕೆಲವೇ ವಾರಗಳಲ್ಲಿ ಮೆನೆಂಡೆಸ್ ತನಗೆ ಶರಣಾದ ಫ್ರೆಂಚ್ ಪ್ರಾಟೆಸ್ಟೆಂಟರನ್ನು ಇನ್ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಕೊಲ್ಲಿಸಿದ. ಆ ಅಳಿವೆಗೆ ಇಂದಿಗೂ ಮಟಾಂಜಾಸ್ ಎಂದೇ ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಕಗ್ಗೊಲೆಗಳು.

ಇಲ್ಲಿಯ ಮುಖ್ಯ ಆಕರ್ಷಣೆ ಕಾಸ್ಟಿಯೊ ಡಿ ಸಾನ್ ಮಾರ್ಕೋಸ್ ಎಂಬ ಕೋಟೆ. 1668ರಲ್ಲಿ ಕಡಲ್ಗಳ್ಳರು ಊರನ್ನು ಕೊಳ್ಳೆ ಹೊಡೆದ ಮೇಲೆ ಸ್ಪೇನಿನ ಆಡಳಿತಕ್ಕೆ ಬುದ್ಧಿ ಬಂತು. ಅಲ್ಲಿಯವರೆಗೆ ಒಂದರ ಮೇಲೊಂದರಂತೆ ಮರದ ಕೋಟೆಗಳನ್ನು ಕಟ್ಟಿ, ಅವು ಕೊಳೆತು ಹೋಗುತ್ತಿದ್ದವು. 1672ರಲ್ಲಿ ಕಲ್ಲಿನ ಕೋಟೆ ಶುರುವಾಗಿ 1695ಕ್ಕೆ ಮುಗಿಯಿತು. ಕಲ್ಲೆಂದರೆ ನಮ್ಮ ಚಿತ್ರದುರ್ಗದ ಕಲ್ಲಲ್ಲ. ಎದುರಿನ ದ್ವೀಪದಲ್ಲಿ ಸಿಗುವ ಕೊಕೀನಾ ಎಂಬ ಕಲ್ಲು. ಸಾವಿರಾರು ವರ್ಷ ರಾಶಿ ಬಿದ್ದ ಪುಟ್ಟ ಕಪ್ಪೆಚಿಪ್ಪುಗಳು ಒಂದಕ್ಕೊಂದು ಅಂಟಿ ಕಲ್ಲಾದದ್ದು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಗಾರೆಗೂ ಚಿಪ್ಪು ಸುಟ್ಟು ಮಾಡಿದ ಸುಣ್ಣವೇ. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

1702ರಲ್ಲಿ ಕೆರೊಲಿನಾದ ಇಂಗ್ಲಿಷರು ಬಂದು ಸುಮಾರು ಐವತ್ತು ದಿನ ಮುತ್ತಿಗೆ ಹಾಕಿದರು. ಊರಿನ ಸುಮಾರು 1,500 ಜನ ಈ ಒಂದು ಕೋಟೆಯೊಳಗೆ ಕೂತು ಕಾದರು. ಇಂಗ್ಲಿಷರು ಊರಿಗೆ ಬೆಂಕಿ ಹಚ್ಚಿ ಹೋದರೇ ಹೊರತು ಕೋಟೆ ಸಿಕ್ಕಲಿಲ್ಲ. 1740ರಲ್ಲಿ ಜಾರ್ಜಿಯಾದ ಓಗಲ್‌ಥಾರ್ಪ್ 27 ದಿನ ಫಿರಂಗಿ ಹೊಡೆಸಿದ. ಗಟ್ಟಿ ಕಲ್ಲಾಗಿದ್ದರೆ ಒಡೆದು ಚೂರಾಗುತ್ತಿತ್ತು. ಚಿಪ್ಪಿನ ಗೋಡೆ ಗುಂಡುಗಳನ್ನು ನುಂಗಿಕೊಂಡು ನಿಂತಿತು. ನಾಲ್ಕು ಮೂಲೆಗೆ ನಾಲ್ಕು ಚೂಪು ಕೊತ್ತಲಗಳಿರುವ ಈ ನಕ್ಷೆಯನ್ನು ನೋಡಿ ಮಾವನವರು, "ಇದು ನಮ್ಮ ಸಕಲೇಶಪುರದ ಮಂಜರಾಬಾದ್ ಕೋಟೆಯ ದಾಯಾದಿ" ಎಂದರು. ಅದು ಸರಿಯೇ. 1792ರಲ್ಲಿ ಟಿಪ್ಪು ಮುಗಿಸಿದ ಆ ಎಂಟು ಮೂಲೆಯ ನಕ್ಷತ್ರ ಕೋಟೆಯೂ, ಇದೂ, ಫಿರಂಗಿಯ ಕಾಲಕ್ಕೆಂದು ಯುರೋಪಿನಲ್ಲಿ ಬೆಳೆದ ಒಂದೇ ಕಟ್ಟಡ ವಿದ್ಯೆಯ ಕುಡಿಗಳು. ಡಿಸ್ನಿಯ ಅರಮನೆಯಲ್ಲಿ ಸುಮ್ಮನಿದ್ದವರು ಇಲ್ಲಿ ಮಕ್ಕಳ ಕೈ ಹಿಡಿದು ಒಂದೊಂದು ಕೊತ್ತಲ ಹತ್ತಿಸಿದರು.

ಅದೇ ಕೋಟೆ ಮುಂದೆ ಸೆರೆಮನೆಯೂ ಆಯಿತು. ತಮ್ಮ ನೆಲ ಬಿಡಲೊಪ್ಪದೆ ಹೋರಾಡಿದ ಸೆಮಿನೋಲ್ ಜನರ ನಾಯಕ ಆಸಿಯೋಲನನ್ನು 1837ರಲ್ಲಿ ಅಮೆರಿಕದ ಸೈನ್ಯ ಸಂಧಾನದ ಬಿಳಿ ಬಾವುಟದ ಕೆಳಗೆ ಹಿಡಿದು ಇಲ್ಲಿ ಕೂಡಿಹಾಕಿತು. ಮರುವರ್ಷ ಜನವರಿಯಲ್ಲಿ ಅವನು ಇನ್ನೊಂದು ಕೋಟೆಯ ಸೆರೆಯಲ್ಲಿ ತೀರಿಕೊಂಡ.

ಎರಡು ಮೈಲಿ ದೂರದ ಇನ್ನೊಂದು ಕೋಟೆ

ಪ್ರವಾಸಿಗಳೆಲ್ಲ ಕಲ್ಲಿನ ಕೋಟೆ ನೋಡಿ, ಐಸ್‌ಕ್ರೀಂ ತಿಂದು ಹೊರಟುಬಿಡುತ್ತಾರೆ. ಉತ್ತರಕ್ಕೆ ಎರಡೇ ಮೈಲಿ ಹೋದರೆ ಜೌಗು ಹುಲ್ಲಿನ ಅಂಚಿನಲ್ಲಿ ಫೋರ್ಟ್ ಮೋಸೆ ಎಂಬ ಜಾಗವಿದೆ. ನಮ್ಮ ದೃಷ್ಟಿಯಲ್ಲಿ ಈ ಪ್ರವಾಸದಲ್ಲಿ ನೋಡಲೇಬೇಕಾದದ್ದು ಅದು.

ಇಂಗ್ಲಿಷರ ಕೆರೊಲಿನಾದ ತೋಟಗಳಲ್ಲಿ ಗುಲಾಮರಾಗಿದ್ದ ಆಫ್ರಿಕನರು ಕಾಡು, ನದಿ ದಾಟಿ ದಕ್ಷಿಣಕ್ಕೆ ಓಡಿ ಬರುತ್ತಿದ್ದರು. ಗುಲಾಮರು ಉತ್ತರಕ್ಕೆ ಓಡಿದ ಕಥೆಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಅದಕ್ಕೂ ನೂರು ವರ್ಷ ಮುಂಚೆ ಬಿಡುಗಡೆಯ ದಾರಿ ದಕ್ಷಿಣಕ್ಕಿತ್ತು ಎಂಬುದು ನಮಗೆ ಹೊಸದು. 1693ರಲ್ಲಿ ಸ್ಪೇನಿನ ದೊರೆ, ಹೀಗೆ ಓಡಿಬಂದು ಕ್ಯಾಥೊಲಿಕ್ ಮತ ಸ್ವೀಕರಿಸಿದವರಿಗೆ ಸ್ವಾತಂತ್ರ್ಯ ಕೊಡಬೇಕೆಂದು ಆಜ್ಞೆ ಮಾಡಿದ. ಇದರಲ್ಲಿ ಧರ್ಮಬುದ್ಧಿ ಎಷ್ಟೋ, ಇಂಗ್ಲಿಷರಿಗೆ ನಷ್ಟ ಮಾಡುವ ಲೆಕ್ಕಾಚಾರ ಎಷ್ಟೋ. ಸ್ಪೇನಿನವರೂ ಗುಲಾಮರನ್ನು ಇಟ್ಟುಕೊಂಡವರೇ. ಅಂತೂ 1738ರಲ್ಲಿ ಇವರಿಗಾಗಿ ಒಂದು ಸಣ್ಣ ಕೋಟೆ, ಊರು ಸ್ಥಾಪನೆಯಾಯಿತು. ಸುಮಾರು ನೂರು ಜನ ಇದ್ದರು. ಇಂದಿನ ಅಮೆರಿಕದ ನೆಲದಲ್ಲಿ ಕಾನೂನಿನ ಒಪ್ಪಿಗೆ ಪಡೆದ ಮೊದಲ ಸ್ವತಂತ್ರ ಕಪ್ಪು ಜನರ ಊರು ಇದು. ಅವರ ನಾಯಕ ಫ್ರಾನ್ಸಿಸ್ಕೊ ಮೆನೆಂಡೆಸ್ ಪಶ್ಚಿಮ ಆಫ್ರಿಕದ ಮಾಂಡಿಂಗೊ ಜನಾಂಗದವನು, ಸ್ವತಃ ಓಡಿಬಂದವನು.

1740ರ ಮುತ್ತಿಗೆಯಲ್ಲಿ ಇಂಗ್ಲಿಷರು ಈ ಊರನ್ನೂ ಹಿಡಿದರು. ಜೂನ್ ತಿಂಗಳ ಒಂದು ದಿನ, ಬೆಳಕು ಹರಿಯುವ ಮುನ್ನ, ಸ್ಪೇನಿನ ಸೈನಿಕರು, ಮೂಲನಿವಾಸಿಗಳು ಮತ್ತು ಮೋಸೆಯ ಕಪ್ಪು ಪಡೆ ಒಟ್ಟಾಗಿ ಮೇಲೆ ಬಿದ್ದು ಅದನ್ನು ಮರಳಿ ಗೆದ್ದರು. ಮತ್ತೆ ಗುಲಾಮಗಿರಿಗೆ ಹೋಗಬೇಕೋ ಬೇಡವೋ ಎಂಬುದೇ ಅವರ ಪ್ರಶ್ನೆಯಾಗಿದ್ದಾಗ ಹೇಗೆ ಹೋರಾಡಿರಬೇಕು! 1763ರಲ್ಲಿ ಸ್ಪೇನು ಫ್ಲಾರಿಡಾವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟಾಗ ಮೋಸೆಯ ಜನ ಮನೆಮಠ ಬಿಟ್ಟು ಸ್ಪೇನಿನವರ ಜೊತೆ ಕ್ಯೂಬಾಕ್ಕೆ ಹಡಗು ಹತ್ತಿದರು. ಊರು ಕೆಸರಿನಲ್ಲಿ ಮುಚ್ಚಿಹೋಯಿತು. 1980ರ ದಶಕದಲ್ಲಿ ಕ್ಯಾಥ್ಲೀನ್ ಡೀಗನ್ ಎಂಬ ಪುರಾತತ್ವ ವಿದ್ವಾಂಸರು ಉತ್ಖನನ ಮಾಡಿ ಅದನ್ನು ಕಂಡುಹಿಡಿಯುವವರೆಗೆ ಬಹಳ ಮಂದಿ ಇದನ್ನು ಕಟ್ಟುಕಥೆ ಎಂದೇ ತಿಳಿದಿದ್ದರು. 2025ರಲ್ಲಿ ಅಲ್ಲಿ ಕೋಟೆಯ ಪ್ರತಿರೂಪವೊಂದನ್ನು ಕಟ್ಟಿದ್ದಾರೆ.

ಮೋಟೆಲಿನ ಈಜುಕೊಳ

ಅಂದು ರಾತ್ರಿ ಸೇಂಟ್ ಅಗಸ್ಟೀನಿನ ಹೊರವಲಯದ ಒಂದು ಮೋಟೆಲಿನಲ್ಲಿ ಉಳಿದೆವು. ಯಜಮಾನರು ಗುಜರಾತಿನವರು. ನಮ್ಮ ಮುಖ ನೋಡಿ, ಕೇಳದೆಯೇ ಚಹಾ ಕಳಿಸಿದರು. ಮಕ್ಕಳು ಚಳಿಯನ್ನೂ ಲೆಕ್ಕಿಸದೆ ಬಿಸಿನೀರಿನ ಈಜುಕೊಳಕ್ಕೆ ಹಾರಿದರು. ದೊಡ್ಡವರು ದಂಡೆಯಲ್ಲಿ ಕೂತು, ಮಧ್ಯಾಹ್ನ ಕೊಂಡಿದ್ದ ಪುಸ್ತಕ ಓದತೊಡಗಿದೆವು.

ಅದರಲ್ಲಿದ್ದದ್ದು ಇದು. 1964ರಲ್ಲಿ ಈ ಊರು ತನ್ನ ನಾನೂರನೆಯ ವರ್ಷದ ಉತ್ಸವಕ್ಕೆ ಸಿದ್ಧವಾಗುತ್ತಿತ್ತು. ಆದರೆ ಊರಿನ ಕಪ್ಪು ಜನ ಹೋಟೆಲಿನಲ್ಲಿ ಕೂತು ಉಣ್ಣುವಂತಿರಲಿಲ್ಲ, ಮೋಟೆಲಿನಲ್ಲಿ ತಂಗುವಂತಿರಲಿಲ್ಲ. ರಾಬರ್ಟ್ ಹೇಲಿಂಗ್ ಎಂಬ ದಂತವೈದ್ಯರು ಚಳವಳಿ ಕಟ್ಟಿದರು. ಮಾರ್ಟಿನ್ ಲೂಥರ್ ಕಿಂಗ್ ಬಂದರು. ಜೂನ್ 11ರಂದು ಒಂದು ಮೋಟೆಲಿನ ಊಟದ ಮನೆಯ ಬಾಗಿಲಲ್ಲಿ ಅವರ ಬಂಧನವಾಯಿತು. ಒಂದು ವಾರ ಕಳೆದು, ಜೂನ್ 18ರಂದು, ಕಪ್ಪು ಬಿಳಿ ಸತ್ಯಾಗ್ರಹಿಗಳು ಒಟ್ಟಿಗೆ ಅದೇ ಮೋಟೆಲಿನ ಈಜುಕೊಳಕ್ಕೆ ಇಳಿದರು. ಅಲ್ಲಿಯ ಮ್ಯಾನೇಜರು ನೀರಿಗೆ ಆಸಿಡ್ ಸುರಿದ. ಆ ಛಾಯಾಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಮರುದಿನವೇ ಸೆನೆಟ್ಟು ನಾಗರಿಕ ಹಕ್ಕುಗಳ ಮಸೂದೆಯನ್ನು ಅಂಗೀಕರಿಸಿತು. ಜುಲೈ 2ರಂದು ಅದು ಕಾನೂನಾಯಿತು.

ಓದಿ ಮುಗಿಸಿದವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎದುರಿಗೆ ನಮ್ಮ ಕಂದುಬಣ್ಣದ ಮಕ್ಕಳು ನೀರೆರಚಿಕೊಂಡು ಕಿರುಚುತ್ತಿದ್ದರು. "ಸಾಕು, ನೆಗಡಿಯಾಗುತ್ತದೆ, ಮೇಲೆ ಬನ್ನಿ" ಎಂದು ದಿನವೂ ಕೂಗುವವರು ಅಂದು ಯಾರೂ ಕೂಗಲಿಲ್ಲ.

ಮುಂದಿನ ವರ್ಷದ ಇಸವಿಯೂ ನಮಗೆ ಸೇರಿದ್ದೇ. 1946ರ ಕಾನೂನಿನ ಪ್ರಕಾರ ಭಾರತದಿಂದ ವರ್ಷಕ್ಕೆ ನೂರು ಜನ ಮಾತ್ರ ಇಲ್ಲಿಗೆ ವಲಸೆ ಬರಬಹುದಿತ್ತು. ಜನಾಂಗ ಭೇದದ ವಿರುದ್ಧ ಎದ್ದ ಅದೇ ಗಾಳಿಯಲ್ಲಿ 1965ರ ಅಕ್ಟೋಬರ್ 3ರಂದು ಹೊಸ ವಲಸೆ ಕಾನೂನಿಗೆ ಸಹಿ ಬಿತ್ತು, ದೇಶವಾರು ಹಳೆಯ ಕೋಟಾ ಪದ್ಧತಿ ರದ್ದಾಯಿತು. ನಮ್ಮಲ್ಲಿ ಮೊದಲು ಬಂದ ಡಾಕ್ಟರುಗಳು, ಎಂಜಿನಿಯರುಗಳು, ಅವರ ಹಿಂದೆ ಬಂದ ನಾವು, ನಮ್ಮ ಯುಗಾದಿ, ರಾಜ್ಯೋತ್ಸವ, ಈ ಪತ್ರಿಕೆ, ಎಲ್ಲವೂ ಆ ಬಾಗಿಲಿನಿಂದಲೇ ಒಳಗೆ ಬಂದವು. "ನಾವು ಕಷ್ಟಪಟ್ಟು ಓದಿ ಬಂದೆವು" ಎನ್ನುತ್ತೇವೆ, ಸುಳ್ಳಲ್ಲ. ಆದರೆ ಬಾಗಿಲು ತೆರೆಸಲು ಏಟು ತಿಂದವರು ಬೇರೆಯವರು.

ಈಟನ್‌ವಿಲ್

ಮರಳಿ ಬರುವಾಗ ಒರ್ಲ್ಯಾಂಡೊ ನಡುಪೇಟೆಗೆ ಆರು ಮೈಲಿ ಉತ್ತರದ ಈಟನ್‌ವಿಲ್‌ನಲ್ಲಿ ಇಳಿದೆವು. ನೋಡಲು ದೊಡ್ಡದೇನಿಲ್ಲ. ಒಂದು ಮುಖ್ಯ ರಸ್ತೆ, ಚರ್ಚುಗಳು, ಒಂದು ಚಿಕ್ಕ ವಸ್ತುಸಂಗ್ರಹಾಲಯ. ಆದರೆ 1887ರ ಆಗಸ್ಟ್ 15ರಂದು ಕಪ್ಪು ಜನರೇ ಸೇರಿ, ಮತ ಹಾಕಿ, ತಮ್ಮದೇ ಪುರಸಭೆ ಮಾಡಿಕೊಂಡ ಊರು ಇದು. ಈ ದೇಶದಲ್ಲಿ ಅಂಥ ಮೊದಲ ಕೆಲವು ಊರುಗಳಲ್ಲೊಂದು. ಸುತ್ತಲಿನ ಜಮೀನುದಾರರು ಅವರಿಗೆ ನೆಲ ಮಾರಲು ಒಪ್ಪುತ್ತಿರಲಿಲ್ಲ. ಮಾರಿದ ಕೆಲವರಲ್ಲಿ ಒಬ್ಬನಾದ ಈಟನ್ನನ ಹೆಸರನ್ನು ಊರಿಗೆ ಇಟ್ಟರು. ಆಗಸ್ಟ್ 15 ಎಂದೊಡನೆ ಮಾವನವರ ಮುಖದಲ್ಲಿ ನಗು ಬಂತೆಂದು ಬೇರೆ ಹೇಳಬೇಕೇ?

ಲೇಖಕಿ ಜೋರಾ ನೀಲ್ ಹರ್ಸ್ಟನ್ ಬೆಳೆದದ್ದು ಇಲ್ಲಿ. ಕಟ್ಟೆಯ ಮೇಲೆ ಕೂತು ಜನ ಹೇಳುತ್ತಿದ್ದ ಕಥೆಗಳನ್ನು, ಅವರ ಆಡುಮಾತಿನಲ್ಲಿಯೇ, ಬರೆದಿಟ್ಟವರು ಅವರು. 1960ರಲ್ಲಿ ಬಡತನದಲ್ಲಿ ತೀರಿಕೊಂಡಾಗ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. 1973ರಲ್ಲಿ ಇನ್ನೊಬ್ಬ ಲೇಖಕಿ ಆಲಿಸ್ ವಾಕರ್ ಹುಡುಕಿ ಕಲ್ಲು ನೆಡಿಸಿದರು. 1990ರಲ್ಲಿ ಆರಂಭವಾದ ಉತ್ಸವವೊಂದು ಅವರ ಹೆಸರಿನಲ್ಲಿ ಈ ಊರಿನಲ್ಲಿ ನಡೆದುಬಂದಿದೆ.

ಕೆನವೆರಲ್ ಮತ್ತು ಹಾಸನ

ಎರಡನೆಯ ದಿನ ಪೂರ್ವಕ್ಕೆ, ಒಂದು ಗಂಟೆಯ ದಾರಿ, ಕೆನಡಿ ಬಾಹ್ಯಾಕಾಶ ಕೇಂದ್ರ. ಚಂದ್ರನಿಗೆ ಮನುಷ್ಯನನ್ನು ಕಳಿಸಿದ ಜಾಗವನ್ನು ನಾವು ವರ್ಣಿಸುವ ಅಗತ್ಯವಿಲ್ಲ. ಎರಡು ಸಂಗತಿ ಮಾತ್ರ ಹೇಳುತ್ತೇವೆ.

ಒಂದು, ಕೇಂದ್ರಕ್ಕೆ ಹತ್ತಿರದ ಟೈಟಸ್‌ವಿಲ್ ಊರಿನಲ್ಲಿ 1982ರಲ್ಲಿ ಹೊಸ ಬಡಾವಣೆಗೆ ರಸ್ತೆ ಮಾಡುತ್ತಿದ್ದಾಗ, ಕೊಳದ ಕೆಸರಿನಿಂದ ತಲೆಬುರುಡೆಗಳು ಬಂದವು. ಪರೀಕ್ಷೆ ಮಾಡಿದರೆ ಏಳೆಂಟು ಸಾವಿರ ವರ್ಷ ಹಳೆಯವು! ಒಟ್ಟು 168 ಜನರ ಅವಶೇಷ ಸಿಕ್ಕಿತು, ಜೊತೆಗೆ ಕೈಯಿಂದ ನೇಯ್ದ ಬಟ್ಟೆಯೂ. ಅವರಲ್ಲೊಬ್ಬ ಹುಟ್ಟಿನಿಂದ ಬೆನ್ನುಹುರಿಯ ದೋಷವಿದ್ದ, ಸುಮಾರು ಹದಿನೈದು ವರ್ಷದ ಹುಡುಗ. ಅಲೆದಾಡಿ ಬದುಕುವ ಜನ ಅವನನ್ನು ಬಿಟ್ಟುಹೋಗದೆ ಅಷ್ಟು ವರ್ಷ ಸಾಕಿದ್ದರು. "ಕೆಸರು, ಮೊಸಳೆ" ಎಂದಿದ್ದ ನಮ್ಮ ಉತ್ತರ ಎಷ್ಟು ಅಗ್ಗದ್ದು ಎಂದು ಆಗ ತಿಳಿಯಿತು. ಇದರ ವಿವರಗಳನ್ನು ಕೋಕೋ ಊರಿನ ಬ್ರೆವರ್ಡ್ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಎರಡು, ಭಾರತದ ಇನ್ಸಾಟ್-1ಎ ಉಪಗ್ರಹ 1982ರ ಏಪ್ರಿಲ್‌ನಲ್ಲಿ ಹಾರಿದ್ದು ಈ ಕೆನವೆರಲ್ ಕರಾವಳಿಯಿಂದಲೇ. ಅದು ಕೆಲವೇ ತಿಂಗಳಲ್ಲಿ ಕೆಟ್ಟಿತು. 1983ರ ಆಗಸ್ಟ್ 30ರ ರಾತ್ರಿ ಚಾಲೆಂಜರ್ ನೌಕೆ ಇನ್ಸಾಟ್-1ಬಿಯನ್ನು ಹೊತ್ತೊಯ್ದಿತು. ನಮ್ಮ ಸಣ್ಣ ಊರುಗಳಿಗೆಲ್ಲ ದೂರದರ್ಶನ ಬಂದದ್ದರ ಹಿಂದೆ ಅದರ ಪಾಲು ದೊಡ್ಡದು. ಆ ಉಪಗ್ರಹಗಳನ್ನು ನೆಲದಿಂದ ನಡೆಸಿದ ಮುಖ್ಯ ನಿಯಂತ್ರಣ ಕೇಂದ್ರ ಎಲ್ಲಿಯದು? ಹಾಸನದ ಸಾಲಗಾಮೆ ರಸ್ತೆಯದು! ಆ ದೊಡ್ಡ ಬಾಣಲೆಯಂಥ ಆಂಟೆನಾಗಳ ಮುಂದೆ ವರ್ಷಗಟ್ಟಲೆ ಸೈಕಲ್ ತುಳಿದುಕೊಂಡು ಶಾಲೆಗೆ ಹೋಗಿದ್ದ ಮಾವನವರು ಕಡಲ ಕಡೆ ನೋಡುತ್ತ, "ಹಾಗಾದರೆ ಅದು ಇಲ್ಲಿಂದ ಹೊರಟದ್ದೋ" ಎಂದರು. ಅಲ್ಲಿಯ ಕಪ್ಪು ಕಲ್ಲಿನ ಸ್ಮಾರಕದಲ್ಲಿ ಕಲ್ಪನಾ ಚಾವ್ಲಾ ಹೆಸರಿದೆ. 2003ರ ಜನವರಿ 16ರಂದು ಇಲ್ಲಿಂದ ಹೊರಟ ಅವರ ಕೊಲಂಬಿಯಾ ನೌಕೆ ಫೆಬ್ರವರಿ 1ರಂದು ಮರಳುವಾಗ ಆಕಾಶದಲ್ಲಿಯೇ ಒಡೆಯಿತು. ಮಕ್ಕಳೂ ತಾವಾಗಿಯೇ ಕೈಮುಗಿದರು.

ಕಿತ್ತಳೆಯ ನೆಲ

ಮೂರನೆಯ ದಿನ ಮತ್ತೆ ಮಿಕ್ಕಿಯ ಅಕ್ಕಪಕ್ಕಕ್ಕೇ ಬಂದೆವು, ಏಕೆಂದರೆ ಪ್ರಶ್ನೆ ಇದ್ದದ್ದು ಆ ಜಾಗದ್ದು. ಕಿತ್ತಳೆಯ ಜಾತಿಯನ್ನು ಫ್ಲಾರಿಡಾಕ್ಕೆ ತಂದವರು ಸ್ಪೇನಿನವರು. ಅವರು ಅದಕ್ಕೆ ಹೇಳುವ ನರಾನ್ಹ ಎಂಬ ಮಾತು ಅರಬ್ಬಿ, ಪಾರಸಿಗಳ ಮೂಲಕ ಹೋದ ನಮ್ಮ ಸಂಸ್ಕೃತದ ನಾರಂಗವೇ. ಒರ್ಲ್ಯಾಂಡೊ ಸುತ್ತಿನ ಗುಡ್ಡಗಳೆಲ್ಲ ಒಂದು ಕಾಲಕ್ಕೆ ಕಿತ್ತಳೆ ತೋಟ. 1894-95ರ ಚಳಿಗಾಲದಲ್ಲಿ ಎರಡು ಸಲ ಹಿಮ ಬಿದ್ದು ತೋಟಗಳು ಸತ್ತವು. ಮತ್ತೆ ಬೆಳೆಸಿದರು. 1980ರ ದಶಕದ ಹಿಮಗಳಲ್ಲಿ ಮತ್ತೆ ಸತ್ತವು. ಕ್ಲೆರ್ಮಾಂಟ್ ಊರಿನಲ್ಲಿ 1956ರಲ್ಲಿ ಕಟ್ಟಿದ ಸಿಟ್ರಸ್ ಟವರ್ ಎಂಬ ಗೋಪುರವಿದೆ. ಕಣ್ಣು ಹಾಯುವವರೆಗಿನ ಕಿತ್ತಳೆ ಮರಗಳನ್ನು ನೋಡಲೆಂದು ಕಟ್ಟಿದ್ದು. ನಾವು ಹೋದಾಗ ಕಂಡದ್ದು ಮನೆಗಳ ಸಾಲು.

ಡಿಸ್ನಿಯವರು 1964-65ರಲ್ಲಿ ಬೇರೆ ಬೇರೆ ಹೆಸರಿನ ಕಂಪನಿಗಳ ಮೂಲಕ, ಗುಟ್ಟಾಗಿ, ಸುಮಾರು 27,000 ಎಕರೆ ಜೌಗು, ಕಾಡು, ಹುಲ್ಲುಗಾವಲು ಕೊಂಡರು. ಗುಟ್ಟು ಪತ್ರಿಕೆಯಲ್ಲಿ ಬಯಲಾದದ್ದು 1965ರ ಅಕ್ಟೋಬರ್‌ನಲ್ಲಿ, ಅಂದರೆ ನಮ್ಮ ವಲಸೆ ಕಾನೂನಿಗೆ ಸಹಿ ಬಿದ್ದ ತಿಂಗಳಲ್ಲಿಯೇ. ಮಿಕ್ಕಿಯೂ ನಾವೂ ಈ ನೆಲಕ್ಕೆ ಒಂದೇ ವಾರಗೆಯವರು ಎಂದು ಮಕ್ಕಳಿಗೆ ಹೇಳಿದೆವು. ಅವರಿಗೆ ಅದು ಬಹಳ ಹಿಡಿಸಿತು.

ಕೊನೆಗೆ ಲೇಕ್ ವೇಲ್ಸ್‌ನ ಬಾಕ್ ಗೋಪುರ, ದಕ್ಷಿಣಕ್ಕೆ ಒಂದು ಗಂಟೆ. ಆರು ವರ್ಷದ ಹುಡುಗನಾಗಿ 1870ರಲ್ಲಿ ಹಾಲೆಂಡಿನಿಂದ ಬಂದು, ಇಂಗ್ಲಿಷ್ ಕಲಿತು, ದೊಡ್ಡ ಪತ್ರಿಕೆಯೊಂದರ ಸಂಪಾದಕನಾದ ಎಡ್ವರ್ಡ್ ಬಾಕ್, ತನ್ನನ್ನು ಸಾಕಿದ ದೇಶದ ಜನರಿಗೆ ಕಾಣಿಕೆಯಾಗಿ ಒಂದು ತೋಟ, 205 ಅಡಿಯ ಗಂಟೆ ಗೋಪುರ ಕಟ್ಟಿಸಿಕೊಟ್ಟ. 1929ರ ಫೆಬ್ರವರಿಯಲ್ಲಿ ಅಧ್ಯಕ್ಷ ಕೂಲಿಜ್ ಬಂದು ಉದ್ಘಾಟಿಸಿದರು. ಗೋಡೆ ಮುಟ್ಟಿ ನೋಡಿದ ಮೊಮ್ಮಗ, "ತಾತ, ಕಪ್ಪೆಚಿಪ್ಪು!" ಎಂದು ಕೂಗಿದ. ನಿಜ, ಜಾರ್ಜಿಯಾದ ಅಮೃತಶಿಲೆಯ ಜೊತೆ ಸೇಂಟ್ ಅಗಸ್ಟೀನಿನ ಅದೇ ಚಿಪ್ಪಿನ ಕಲ್ಲು.

ಹೋಗುವವರಿಗೆ ನಾಲ್ಕು ಮಾತು. ಸೇಂಟ್ ಅಗಸ್ಟೀನ್‌ಗೆ ಒಂದು ಇಡೀ ದಿನ ಬೇಕು, ಫೋರ್ಟ್ ಮೋಸೆ ಬಿಡಬೇಡಿ. ಈಟನ್‌ವಿಲ್‌ಗೆ ಅರ್ಧ ದಿನ ಸಾಕು. ತೆರೆದಿರುವ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ. ಕೋಟೆಯ ಮೆಟ್ಟಿಲು ಕಡಿದು, ಹಿರಿಯರ ಕೈ ಹಿಡಿದುಕೊಳ್ಳಿ. ಜೌಗಿನ ಹತ್ತಿರ ಸೊಳ್ಳೆ ಇರುತ್ತದೆ. ಮೊಸರನ್ನ ಒಯ್ದರೆ ಖರ್ಚೂ ಉಳಿಯಿತು, ಹೊಟ್ಟೆಯೂ ತಣ್ಣಗೆ.

ಡಿಸ್ನಿಗೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಮಕ್ಕಳ ಆ ಸಂತೋಷಕ್ಕೆ ಬೆಲೆ ಕಟ್ಟಲಾಗದು. ಒಂದು ದಿನ ಉಳಿಸಿಕೊಳ್ಳಿ ಎನ್ನುತ್ತೇವೆ ಅಷ್ಟೇ. ಈ ನೆಲದಲ್ಲಿ ನಾವು ಬಾಡಿಗೆದಾರರಂತೆ ಓಡಾಡುತ್ತೇವೆ, ಹಿಂದೆ ಯಾರಿದ್ದರು ಎಂದು ಕೇಳುವುದಿಲ್ಲ. ನಮ್ಮ ಮಕ್ಕಳಿಗೆ ಇದು ಬಾಡಿಗೆ ಮನೆಯಲ್ಲ, ಹುಟ್ಟಿದ ಮನೆ. ಮನೆಯ ಕಥೆ ಮಕ್ಕಳಿಗೆ ತಿಳಿದಿರಬೇಕು. ನಮ್ಮ ಗೋಡೆಯ ಮೇಲೆ ಈಗ ಎರಡು ಫೋಟೋ ಇವೆ. ಒಂದರಲ್ಲಿ ನೀಲಿ ಗೋಪುರಗಳ ಅರಮನೆ. ಇನ್ನೊಂದರಲ್ಲಿ ಜೌಗು ಹುಲ್ಲು, ಅದರ ಮುಂದೆ ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು ನಿಂತ ತಾತ. ಮನೆಗೆ ಬಂದವರು, "ಇದೇನು, ಹಿಂದೆ ಏನೂ ಇಲ್ಲವಲ್ಲ?" ಎಂದು ಕೇಳುತ್ತಾರೆ. ಆಗ ಕಥೆ ಹೇಳುವವನು ಮೊಮ್ಮಗ, ಅದೂ ಕನ್ನಡದಲ್ಲಿ.